ನಡುಹಗಲಿನ ನೆರಳು

ಸಮಾಜ ವಿಜ್ಞಾನದ ಉತ್ತರ ಪತ್ರಿಕೆ ತಿದ್ದಿದ ಯಾರಿಗೇ ಆಗಲಿ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: 'ಅಶೋಕನು ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು, ಬಾವಿಗಳನ್ನು ತೋಡಿಸಿದನು.' ಕಳಿಂಗ ಯುದ್ಧದ ಇಸವಿ ಮರೆತ ಮಕ್ಕಳು ಕೂಡ ಈ ಸಾಲನ್ನು ಬರೆದು ಒಂದು ಅಂಕ ಗಿಟ್ಟಿಸಿಕೊಳ್ಳುತ್ತಾರೆ. ಇಪ್ಪತ್ತೇಳು ವರ್ಷಗಳಿಂದ ನಾನು ಅದರ ಮುಂದೆ ಕೆಂಪು ಶಾಯಿಯ ಸರಿ ಗುರುತು ಹಾಕುತ್ತಾ ಬಂದಿದ್ದೇನೆ. ಅಶೋಕನ ಏಳನೆಯ ಸ್ತಂಭಶಾಸನದಲ್ಲಿ ಈ ಮಾತು ಇರುವುದು ನಿಜ. ಆಲದ ಮರಗಳನ್ನು ನೆಡಿಸಿದ್ದು ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಅಲ್ಲಿ ಹೇಳಿದೆ. ಪಶುಗಳನ್ನೂ ಸೇರಿಸಿದ ಮೇಲೆ ಹೊರಗುಳಿಯುವವರು ಯಾರೂ ಇಲ್ಲವಷ್ಟೆ.

ಒಮ್ಮೆ ಈ ಪಾಠ ಮಾಡುತ್ತಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಆ ಮರದ ಕೆಳಗೆ ಮಧ್ಯಾಹ್ನಾನೂ ಕೂತ್ಕೋಬಹುದಿತ್ತಾ?" ಎಂದಳು. ಉಳಿದವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಆ ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತಿತ್ತು. ನಮ್ಮ ಶಾಲೆಯ ಹಿಂದೆ ಒಂದು ಪಾರ್ಕಿದೆ. ಬೆಳಗ್ಗೆ ಹತ್ತಕ್ಕೆ ಅದರ ಗೇಟಿಗೆ ಬೀಗ ಬೀಳುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ತೆರೆಯುತ್ತದೆ. ನಡುವಿನ ಹೊತ್ತಿನಲ್ಲಿ ಒಳಗೆ ಹೊಂಗೆಯ ನೆರಳು ಕಲ್ಲುಬೆಂಚಿನ ಮೇಲೆ ಹಾಸಿಕೊಂಡಿರುತ್ತದೆ. ಹೊರಗೆ ಕಾಂಪೌಂಡಿನ ಬುಡದಲ್ಲಿ ಮನೆಗೆಲಸದ ಹೆಂಗಸರು, ಸೊಪ್ಪಿನ ಬುಟ್ಟಿಯವರು ಸೆರಗು ತಲೆಗೆ ಹಾಕಿಕೊಂಡು ಕುಳಿತಿರುತ್ತಾರೆ. ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗುವ ನಡುವೆ ಅವರಿಗೆ ಸಿಕ್ಕುವುದು ಒಂದೋ ಎರಡೋ ಗಂಟೆ. ತಮ್ಮ ಮನೆಗೆ ಹೋಗೋಣವೆಂದರೆ ಅದು ಶೀಟಿನ ಮನೆ, ಆ ಹೊತ್ತಿನಲ್ಲಿ ಒಳಗೆ ಕಾಲಿಡಲಾಗದು.

ಬೆಂಗಳೂರಿನ ಬಡಾವಣೆ ಪಾರ್ಕುಗಳ ವೇಳಾಪಟ್ಟಿ ಬಹಳ ವರ್ಷ ಹೀಗೆಯೇ ಇತ್ತು. 2024ರ ಜೂನ್ ತಿಂಗಳಲ್ಲಿ, ಆಗ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಪಾರ್ಕುಗಳೆಲ್ಲ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕೆಂದು ತೀರ್ಮಾನವಾಯಿತು. ಒಳ್ಳೆಯ ತೀರ್ಮಾನವೇ. ಆದರೆ ತೀರ್ಮಾನ ಕಾಗದದ ಮೇಲೆ, ಬೀಗದಕೈ ಕಾವಲುಗಾರನ ಸೊಂಟದಲ್ಲಿ. ನಮ್ಮ ಪಾರ್ಕಿನ ಕಾವಲುಗಾರ ಹತ್ತಕ್ಕೆ ಬೀಗ ಹಾಕುವುದನ್ನು ಬಿಡಲಿಲ್ಲ. ಕೇಳಿದರೆ, "ಕಮಿಟಿಯೋರು ಹೇಳವ್ರೆ ಮೇಡಂ" ಎನ್ನುತ್ತಾನೆ. ಲಾಲ್‌ಬಾಗಿನಂಥ ದೊಡ್ಡ ತೋಟವನ್ನೇ ನೋಡಿ. 1760ರಲ್ಲಿ ಹೈದರಾಲಿ ಶುರುಮಾಡಿದ, ಇವತ್ತಿಗೆ 240 ಎಕರೆಯಿರುವ ಆ ತೋಟದಲ್ಲಿ ಬೆಳಗಿನ ತಂಪಿನಲ್ಲಿ ನಡೆಯುವವರಿಗೆ ಟಿಕೆಟ್ಟಿಲ್ಲ, ಬಿಸಿಲೇರಿದ ಮೇಲೆ ಬರುವವರಿಗೆ ಟಿಕೆಟ್ಟಿದೆ. ಯಾರೋ ದುಷ್ಟರು ಕುಳಿತು ಹೂಡಿದ ಸಂಚು ಇದೆಂದು ನಾನು ಹೇಳುತ್ತಿಲ್ಲ. ವೇಳಾಪಟ್ಟಿ ಬರೆಯುವವರ ಕಣ್ಣಮುಂದೆ ಒಬ್ಬ ಮನುಷ್ಯನಿದ್ದಾನೆ: ಬಿಳಿ ಕ್ಯಾನ್ವಾಸ್ ಶೂ ಹಾಕಿದ, ಸಕ್ಕರೆ ಕಾಯಿಲೆಯ, ಪಿಂಚಣಿ ಬರುವ ಮನುಷ್ಯ. ಅವನಿಗೆ ಪಾರ್ಕು ಬೇಕಾದದ್ದು ಬೆಳಗ್ಗೆ ಮತ್ತು ಸಂಜೆ. (ನಾನೂ ಸಕ್ಕರೆ ಕಾಯಿಲೆಯವಳೇ; ಐದೂವರೆಗೆ ಅಲ್ಲಿ ನಾಲ್ಕು ಸುತ್ತು ಹಾಕುತ್ತೇನೆ.) ನಡುಹಗಲಿನಲ್ಲಿ ನೆರಳು ಬೇಕಾದವರು ಆ ಚಿತ್ರದಲ್ಲೇ ಇಲ್ಲ.

ಹಿಂದೆ ಇದೊಂದು ಸಣ್ಣ ಅನಾನುಕೂಲವೆಂದು ಬಿಟ್ಟುಬಿಡಬಹುದಾಗಿತ್ತೇನೋ. ಬೆಂಗಳೂರಿಗೆ ಫ್ಯಾನು ಬೇಡವೆಂದು ಹೇಳುತ್ತಿದ್ದ ಕಾಲ ಅದು. ಈಗ ಹಾಗಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ಮರದ ನೆರಳು ಇದರಲ್ಲಿ ಎಷ್ಟು ತಗ್ಗಿಸುತ್ತದೆಂಬುದನ್ನು ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಇದೇ ಊರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದರು. ಮರಗಳಿಲ್ಲದ ರಸ್ತೆಗಿಂತ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪಾಗಿತ್ತು. ನೆಲದ ಮೈಯಂತೂ 27.5 ಡಿಗ್ರಿಯವರೆಗೆ ಕಡಿಮೆ. ಬರಿಗಾಲಿನಲ್ಲಿ, ಸವೆದ ಹವಾಯಿ ಚಪ್ಪಲಿಯಲ್ಲಿ ನಡೆಯುವವರಿಗೆ ಈ ಎರಡನೆಯ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ತಿಳಿದ ಮೇಲೆ ನೆರಳನ್ನು ಊರಿನ ಅಂದಕ್ಕೆ ಸೇರಿಸುವುದು ಸರಿಯಲ್ಲ. ಕುಡಿಯುವ ನೀರು, ಆಸ್ಪತ್ರೆ ಇವುಗಳ ಸಾಲಿಗೆ ಸೇರಿಸಬೇಕು.

ಆಸ್ಪತ್ರೆಯನ್ನು ಕಾಯಿಲೆಯವರಿರುವ ಕಡೆ ಕಟ್ಟುತ್ತೇವೆ. ನೆರಳನ್ನು ಮಾತ್ರ ಈಗಾಗಲೇ ನೆರಳಿರುವ ಕಡೆಯಲ್ಲೇ ಹೆಚ್ಚಿಸುತ್ತಾ ಹೋಗಿದ್ದೇವೆ. ಅಗಲವಾದ ರಸ್ತೆ, ಮನೆ ಮುಂದೆ ಜಾಗ, ಮೂಲೆಗೊಂದು ಪಾರ್ಕು, ಇವೆಲ್ಲ ಬಡಾವಣೆಯ ನಕ್ಷೆಯಲ್ಲೇ ಬರುತ್ತವೆ. ಕೊಳೆಗೇರಿಯಲ್ಲಿ ಎರಡು ಮನೆಗಳ ನಡುವೆ ಒಬ್ಬರು ನಡೆಯುವಷ್ಟು ಜಾಗವಿದ್ದರೆ ಹೆಚ್ಚು. ಅಲ್ಲಿಯವರಿಗೆ ಹಸಿರಿನ ಮೇಲೆ ಪ್ರೀತಿ ಕಡಿಮೆಯೆಂದು ಯಾರೂ ಹೇಳಬಾರದು. ಅದೇ ವಿದ್ವಾಂಸರ ಬಳಗ ಬೆಂಗಳೂರಿನ ಕೊಳೆಗೇರಿಗಳ ಗಿಡಮರಗಳನ್ನೂ ಅಧ್ಯಯನ ಮಾಡಿದೆ. ಮರಗಳು ಕಡಿಮೆ, ಆದರೆ ಇರುವವು ನುಗ್ಗೆಯಂಥ ಉಪಯೋಗದ ಮರಗಳು. ಹಳೆಯ ಬಣ್ಣದ ಡಬ್ಬಿ, ಪ್ಲಾಸ್ಟಿಕ್ ಚೀಲ, ಒಡೆದ ಪಾತ್ರೆಗಳಲ್ಲಿ ಬೆಳೆಸಿದ ತುಳಸಿ, ಔಷಧಿಯ ಗಿಡ. ನಮ್ಮ ಶಾಲೆಯ ಮಕ್ಕಳ ಮನೆಗಳಿಗೆ ಹೋದಾಗಲೆಲ್ಲ ನಾನೂ ಇದನ್ನು ಕಂಡಿದ್ದೇನೆ. ನೀರು ತರಲು ಕೊಡ ಹಿಡಿದು ಸಾಲು ನಿಲ್ಲುವ ಮನೆಯಲ್ಲಿ ಒಂದು ಚೊಂಬು ನೀರು ತುಳಸಿಗೆ ಮೀಸಲು.

ನಮ್ಮ ಪಾರ್ಕಿನ ಹುಲ್ಲುಹಾಸಿಗೆ ಮಾತ್ರ ಎಷ್ಟು ನೀರಾದರೂ ಸಾಲದು. ಹುಲ್ಲುಹಾಸಿನ ಮೇಲೆ ನನಗೆ ಹಳೆಯ ಕೋಪವಿದೆ, ಸ್ವಲ್ಪ ಹೆಚ್ಚೇ ಮಾತಾಡಿದರೆ ಓದುಗರು ಸಹಿಸಿಕೊಳ್ಳಬೇಕು. ಅದು ನೆರಳು ಕೊಡುವುದಿಲ್ಲ, ಹಣ್ಣು ಕೊಡುವುದಿಲ್ಲ. ಅದರ ಮೇಲೆ ನಡೆಯಬಾರದೆಂದು ಬೇರೆ ಬೋರ್ಡು ನೆಟ್ಟಿರುತ್ತಾರೆ. 2024ರ ಮಾರ್ಚಿನಲ್ಲಿ ಕೊಳವೆ ಬಾವಿಗಳು ಬತ್ತಿ ಊರೆಲ್ಲ ಟ್ಯಾಂಕರಿನ ಹಿಂದೆ ಓಡುತ್ತಿದ್ದಾಗ, ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಆಜ್ಞೆ ಮಾಡಿ 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ನಮ್ಮ ಪಾರ್ಕಿನ ಹುಲ್ಲು ಹದಿನೈದು ದಿನಕ್ಕೆ ಒಣಗಿ ಹೋಯಿತು. ಹೊಂಗೆ ಮರಗಳಿಗೆ ಏನೂ ಆಗಲಿಲ್ಲ. ಅವು ಎಂದಿನಂತೆ ಎಲೆ ಉದುರಿಸಿ, ತಿಳಿಹಸಿರಿನ ಚಿಗುರು ಬಿಟ್ಟು, ತಮ್ಮ ಪಾಡಿಗೆ ತಾವು ಹೂವು ಚೆಲ್ಲಿದವು.

ನಮ್ಮ ಹಳ್ಳಿಗಳಲ್ಲಿ ಗುಂಡುತೋಪು ಅಂತ ಇರುತ್ತಿತ್ತು. ಮಾವು, ಹುಣಸೆ, ನೇರಳೆ, ಹಲಸು, ಹೊಂಗೆ ಇವುಗಳ ತೋಪು; ಊರೊಟ್ಟಿನ ಆಸ್ತಿ. ದಾರಿಹೋಕರು ಗಾಡಿ ಬಿಟ್ಟು ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು. ದನ ಕಾಯುವವರು ಮಲಗುತ್ತಿದ್ದರು. ಬೆಂಗಳೂರಿನ ಸುತ್ತ ಇಂಥ ತೋಪುಗಳು ಎಷ್ಟೋ ಇದ್ದವು. ಊರು ಬೆಳೆದಂತೆ ಕೆಲವು ಬಸ್ ನಿಲ್ದಾಣಗಳಾದವು, ಕೆಲವು ಸರ್ಕಾರಿ ಕಚೇರಿಗಳಾದವು, ಕೆಲವು ಸುಮ್ಮನೆ ಮಾಯವಾದವು. ಗುಂಡುತೋಪಿನಲ್ಲಿ ಜಾತಿಯ ಕಟ್ಟು ಇರಲೇ ಇಲ್ಲವೆಂದು ನಾನು ಹೇಳಲಾರೆ; ಬಾವಿಯ ಹತ್ತಿರ ಇದ್ದ ಕಟ್ಟು ಮರದ ಹತ್ತಿರವೂ ಎಷ್ಟೋ ಕಡೆ ಇದ್ದಿರಬೇಕು. ಹಾಗಾಗಿ ಹಳೆಯದೆಲ್ಲ ಚಿನ್ನವೆಂದು ಹಾಡುವವಳಲ್ಲ ನಾನು. ಆದರೆ ಅದರ ಲೆಕ್ಕಾಚಾರ ಸರಿಯಾಗಿತ್ತು. ಬಿಸಿಲಿನ ಹೊತ್ತಿಗೆ ಬೇಕಾದ ಮರ, ಮಳೆ ನೀರಲ್ಲೇ ಬದುಕುವ ಮರ, ಹಸಿದವರ ಕೈಗೆ ಏನಾದರೂ ಉದುರಿಸುವ ಮರ. ಈಗ ಪಾರ್ಕಿಗೆ ನೇರಳೆ ನೆಡೋಣವೆಂದರೆ, "ಬೇಡ ಮೇಡಂ, ಹಣ್ಣು ಬಿದ್ದು ಟೈಲ್ಸ್ ಕಲೆಯಾಗುತ್ತೆ, ಹೊರಗಿನ ಹುಡುಗರು ಕಲ್ಲು ಹೊಡೀತಾರೆ" ಎನ್ನುತ್ತಾರೆ. ಆ ಹೊರಗಿನ ಹುಡುಗರು ನನ್ನ ತರಗತಿಯ ಮೂರನೆಯ ಬೆಂಚಿನವರು.

ಬಿಸಿಲಿನ ಮಾತಾಯಿತು. ಮಳೆಯದು ಇದಕ್ಕಿಂತ ಕಠಿಣ.

ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದೊಡ್ಡ ನದಿಯಿಲ್ಲ. ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಾಲುವೆ ತೆಗೆದು ಮಳೆಯನ್ನು ಹಿಡಿದಿಟ್ಟರು. ಆ ಕೆರೆಗಳ ಕಥೆ ಎಲ್ಲರಿಗೂ ಗೊತ್ತು. ಧರ್ಮಾಂಬುಧಿ ಕೆರೆಯಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ, ಕರಗದ ಆಚರಣೆಗೆಂದು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಜನ ಅಷ್ಟಾಗಿ ಗಮನಿಸದ ಸಂಗತಿ ಇನ್ನೊಂದಿದೆ. ಕೆರೆಯಂಗಳದ ಅಂಚು, ರಾಜಕಾಲುವೆಯ ದಡ, ಹೀಗೆ ಯಾರಿಗೂ ಬೇಡವಾದ ತಗ್ಗಿನಲ್ಲಿ ಬಡವರು ಬಂದು ನೆಲೆಸಿದರು. ಬೇರೆಲ್ಲೂ ಅವರಿಗೆ ಜಾಗ ಇರಲಿಲ್ಲ. ನೀರಿಗೆ ತನ್ನ ಹಳೆಯ ದಾರಿ ಮರೆತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆಯ ಸಿರಿವಂತ ಬಡಾವಣೆಗಳಿಗೇ ನೀರು ನುಗ್ಗಿ, ಜನ ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ಬಂದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ತಗ್ಗಿನ ಗಲ್ಲಿಗಳಲ್ಲಿ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಏರಿಸುವುದು ಪ್ರತಿ ಮಳೆಗಾಲದ ಕೆಲಸ, ಅದು ಸುದ್ದಿಯಲ್ಲ. 2024ರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳಲ್ಲಿ ಒಂದು ದಿನಕ್ಕೆ ಅಷ್ಟು ಮಳೆ 133 ವರ್ಷಗಳಲ್ಲಿ ಬಿದ್ದಿರಲಿಲ್ಲ. ನೀರಿಲ್ಲವೆಂದು ಹುಲ್ಲು ಒಣಗಿದ ಮೂರೇ ತಿಂಗಳಿಗೆ ಇದು. ಆ ಸೋಮವಾರ ನನ್ನ ತರಗತಿಗೆ ಒಂಬತ್ತು ಮಕ್ಕಳು ಬರಲಿಲ್ಲ. ಮಂಗಳವಾರ ಬಂದವರು, ಪುಸ್ತಕ ನೆನೆದಿದೆ ಎಂದರು.

ಇಲ್ಲಿ ಪಾರ್ಕಿನಿಂದ ಆಗಬಹುದಾದ ಕೆಲಸ ಬಹಳ ಸರಳ. ನಮ್ಮ ಪಾರ್ಕುಗಳನ್ನು ಸಾಮಾನ್ಯವಾಗಿ ಮಣ್ಣು ತುಂಬಿಸಿ ರಸ್ತೆಗಿಂತ ಎತ್ತರ ಮಾಡಿ, ಸುತ್ತ ಕಲ್ಲು ಕಟ್ಟುತ್ತಾರೆ. ಅಲ್ಲಿ ಬಿದ್ದ ಮಳೆ ರಸ್ತೆಗೆ ಹರಿಯುತ್ತದೆ, ರಸ್ತೆಯಿಂದ ತಗ್ಗಿನ ಗಲ್ಲಿಗೆ. ಅದರ ಬದಲು ಪಾರ್ಕನ್ನೇ ಬೋಗುಣಿಯ ಹಾಗೆ ತಗ್ಗಿಸಿದರೆ ರಸ್ತೆಯ ನೀರು ಒಳಗೆ ಬಂದು, ನಿಂತು, ಇಂಗುತ್ತದೆ. ಬ್ಯಾಂಕಾಕಿನಲ್ಲಿ 2017ರಲ್ಲಿ ಹೀಗೊಂದು ಪಾರ್ಕು ಮಾಡಿದರು. ವಿನ್ಯಾಸ ಮಾಡಿದವರು ಕೊಚಕೊರ್ನ್ ವೊರಾಖೊಮ್ ಎಂಬ ಮಹಿಳೆ. ಹನ್ನೊಂದು ಎಕರೆಯ ಜಾಗವನ್ನು ಒಂದು ಕಡೆ ಎತ್ತರಿಸಿ ಇನ್ನೊಂದು ಕಡೆಗೆ ಮೂರು ಡಿಗ್ರಿ ಓರೆ ಮಾಡಿ, ತಗ್ಗಿನ ತುದಿಯಲ್ಲಿ ಕೊಳ, ಎರಡೂ ಪಕ್ಕಗಳಲ್ಲಿ ಜೌಗು ಗಿಡಗಳು. ಸುಮಾರು 38 ಲಕ್ಷ ಲೀಟರ್ ಮಳೆನೀರನ್ನು ಅದು ಹಿಡಿದಿಡುತ್ತದಂತೆ. ನಮ್ಮ ಕೆರೆ ಕಟ್ಟಿದವರಿಗೆ ಈ ವಿದ್ಯೆ ಹೊಸದೇನೂ ಅಲ್ಲ.

ವಿದ್ಯೆಯ ಕೊರತೆ ಇಲ್ಲವೆಂದಾದರೆ ತೊಡಕು ಎಲ್ಲಿದೆ? ನಮ್ಮ ಬಡಾವಣೆಯ ಅಂಚಿನಲ್ಲಿ ಹಳೆಯ ಕೆರೆಯೊಂದರ ಅಂಗಳ ಬಯಲಾಗಿ ಬಿದ್ದಿದೆ. ಅಲ್ಲಿ ಇಂಥದೇ ಪಾರ್ಕು ಮಾಡಬೇಕೆಂದು ಕಳೆದ ವರ್ಷ ಒಂದು ಸಭೆ ಕರೆದರು. ಶಾಲೆಯ ಪರವಾಗಿ ನನ್ನನ್ನೂ ಕರೆದಿದ್ದರು. ನಿವೃತ್ತ ಎಂಜಿನಿಯರೊಬ್ಬರು ತಾವೇ ಕೈಯಲ್ಲಿ ಬರೆದ ನಕ್ಷೆ ಹರಡಿದರು. ಸಂಬಳವಿಲ್ಲದೆ, ಯಾರೂ ಹೇಳದೆ, ತಿಂಗಳುಗಟ್ಟಲೆ ಮಟ್ಟ ಅಳೆದು ಮಾಡಿದ ನಕ್ಷೆ. ಹುಲ್ಲುಹಾಸಿಲ್ಲ, ನೇರಳೆ ಇದೆ, ಅತ್ತಿ ಇದೆ, ನನಗೆ ಖುಷಿಯಾಯಿತು. ಕೊಳ ಬರಬೇಕಾದದ್ದು ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ. ಆ ಮೂಲೆಯಲ್ಲಿ ಸುಮಾರು ನಲವತ್ತು ಮನೆಗಳಿವೆ.

"ನೋಡಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ," ಎಂದರು ಅವರು, ಆ ಮನೆಗಳಿಂದ ಬಂದಿದ್ದ ಹೆಂಗಸಿಗೆ. "ಪ್ರತಿ ವರ್ಷ ನೀರು ನುಗ್ಗತ್ತೆ. ಊರಾಚೆ ಫ್ಲಾಟು ಕೊಡ್ತಾರೆ. ಅಲ್ಲಿ ಸುರಕ್ಷಿತವಾಗಿರ್ತೀರಿ."

ಆಕೆ ಸ್ವಲ್ಪ ಹೊತ್ತು ನಕ್ಷೆ ನೋಡಿದರು. ಆಮೇಲೆ ಕೇಳಿದರು: "ಸಾರ್, ನಮ್ಮನ್ನ ಕಾಪಾಡಕ್ಕೆ ಪಾರ್ಕ್ ಮಾಡ್ತಿದೀರಾ, ಇಲ್ಲಾ ಪಾರ್ಕ್ ಮಾಡಕ್ಕೆ ನಮ್ಮನ್ನ ಎತ್ತಿಸ್ತಿದೀರಾ?"

ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕುಳಿತಿದೆ. ಎಂಜಿನಿಯರರ ಮಾತಿನಲ್ಲಿ ಸುಳ್ಳಿಲ್ಲ. ನೀರು ಎಲ್ಲಾದರೂ ನಿಲ್ಲಲೇಬೇಕು. ತಗ್ಗಿನಲ್ಲಲ್ಲದೆ ದಿಣ್ಣೆಯ ಮೇಲೆ ನಿಲ್ಲುವುದಿಲ್ಲ. ನಲವತ್ತು ಮನೆ ಕದಲಿದರೆ ಸಾವಿರ ಮನೆಗೆ ಕ್ಷೇಮ. ಹೆಚ್ಚು ಜನರಿಗೆ ಹೆಚ್ಚು ಒಳಿತು ಎಂಬ ಲೆಕ್ಕ ಇದು, ಅಂಕಗಣಿತದ ಪ್ರಕಾರ ಸರಿ. ಆದರೆ ಈ ಲೆಕ್ಕದಲ್ಲಿ ಕಳೆಯುವ ಅಂಕಿಗಳು ಯಾವಾಗಲೂ ಒಂದೇ ಕಡೆಯಿಂದ ಏಕೆ ಬರುತ್ತವೆ? ಕೆರೆ ಮುಚ್ಚಿ ಲಾಭ ಪಡೆದವರು ದಿಣ್ಣೆಯ ಮೇಲಿನವರು; ನನ್ನ ಮನೆಯೂ ಆ ದಿಣ್ಣೆಯಲ್ಲೇ ಇದೆ. ಕೆರೆ ಮತ್ತೆ ತೆರೆಯಲು ಜಾಗ ಬಿಡಬೇಕಾದವರು ತಗ್ಗಿನವರು. ಇಪ್ಪತ್ತು ಕಿಲೋಮೀಟರ್ ಆಚೆಯ ಫ್ಲಾಟಿನಲ್ಲಿ ನೀರು ನುಗ್ಗುವುದಿಲ್ಲ, ಒಪ್ಪಿದೆ. ಆದರೆ ಅಲ್ಲಿಂದ ಬೆಳಗ್ಗೆ ಆರಕ್ಕೆ ಇಲ್ಲಿ ಪಾತ್ರೆ ತೊಳೆಯಲು ಬರಲಾಗದು. ಮಕ್ಕಳ ಶಾಲೆ ನಡುವರ್ಷದಲ್ಲಿ ತಪ್ಪುತ್ತದೆ. ಹಾಗೆ ಹೋದವರ ಟಿ.ಸಿ.ಗಳನ್ನು ನಾನೇ ಬರೆದುಕೊಟ್ಟಿದ್ದೇನೆ. ನರಳುವವರನ್ನು ಬೇರೆ ಕಡೆಗೆ ಸಾಗಿಸಿ, ಇಲ್ಲಿ ಈಗ ನರಳುವವರಿಲ್ಲವೆಂದರೆ ಅದನ್ನು ಊರಿನ ಕ್ಷೇಮ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ರಾಜ್ಯದ ಕೊಳಚೆ ಪ್ರದೇಶಗಳ ಕಾಯಿದೆ 1973ರದು. ಅದರ ಹೆಸರಿನಲ್ಲೇ ಅಭಿವೃದ್ಧಿ ಎಂದೂ ಇದೆ, ನಿರ್ಮೂಲನ ಎಂದೂ ಇದೆ. ಯಾವುದನ್ನು ಮೊದಲು ಓದಬೇಕೆಂಬುದು ಓದುವವರಿಗೆ ಬಿಟ್ಟದ್ದು. ಪಾರ್ಕುಗಳನ್ನು ಕಾಯುವ ಕಾಯಿದೆ 1985ರಲ್ಲಿ ಬಂತು. 1991ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪನ್ನೇ ಕೊಟ್ಟಿತು: ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ನಿವಾಸಿಗಳು ಪ್ರಶ್ನಿಸಿದ್ದರು, ಅವರು ಗೆದ್ದರು. ಊರಿನ ಎಷ್ಟೋ ಪಾರ್ಕುಗಳು ಉಳಿಯಲು ಇಂಥ ತೀರ್ಪುಗಳೇ ಆಸರೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಆ ನಿವಾಸಿಗಳ ಕೈಯಲ್ಲಿ ಒಂದು ನಕ್ಷೆಯಿತ್ತು, ಅದರ ಮೇಲೆ 'ಪಾರ್ಕು' ಎಂದು ಬರೆದಿತ್ತು. ನಕ್ಷೆಯೇ ಇಲ್ಲದ ಕೇರಿಯವರು ಯಾವ ಕಾಗದ ಹಿಡಿದು ಯಾವ ಕೋರ್ಟಿಗೆ ಹೋಗಬೇಕು? ಕಳೆದುಕೊಂಡದ್ದನ್ನು ಹಿಂದಕ್ಕೆ ಕೇಳಬಹುದು. ಎಂದೂ ಕೊಡದಿದ್ದದ್ದನ್ನು ಕೇಳಲು ದಾರಿ ಇನ್ನೂ ಆಗಿಲ್ಲ.

ಯಾರನ್ನೂ ಎತ್ತಿಸದೆ ಪಾರ್ಕು ಮಾಡಿದರೂ ತೊಡಕು ತೀರುವುದಿಲ್ಲ. ಪಾರ್ಕು ಬಂದರೆ ಬಾಡಿಗೆ ಏರುತ್ತದೆ. ನ್ಯೂಯಾರ್ಕಿನಲ್ಲಿ ಹಳೆಯ ರೈಲು ಹಳಿಯ ಮೇಲೆ ಹೈ ಲೈನ್ ಎಂಬ ಪಾರ್ಕು 2009ರಲ್ಲಿ ತೆರೆಯಿತು. ಜಗತ್ತೇ ಹೊಗಳಿತು, ಸುತ್ತ ದುಬಾರಿ ಕಟ್ಟಡಗಳು ಎದ್ದವು, ಹತ್ತಿರದ ಸರ್ಕಾರಿ ವಸತಿಯ ಬಡವರು ಅಲ್ಲಿ ಕಾಣಿಸಿಕೊಂಡದ್ದು ಕಡಿಮೆ. ಅದನ್ನು ಆಗುಮಾಡಿದವರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್, ನೆರೆಹೊರೆಯವರಿಗಾಗಿ ಮಾಡಹೊರಟು ಸೋತೆವೆಂದು 2017ರಲ್ಲಿ ಬಾಯಿಬಿಟ್ಟು ಹೇಳಿದರು. ಇದಕ್ಕೆ ಕೆಲವು ವಿದ್ವಾಂಸರು ಒಂದು ಉಪಾಯ ಸೂಚಿಸಿದ್ದಾರೆ: ಬಡವರ ಕೇರಿಯಲ್ಲಿ ಪಾರ್ಕು ಮಾಡಿ, ಆದರೆ ತೀರಾ ಚಂದ ಮಾಡಬೇಡಿ, ಬೇಕಾದಷ್ಟು ಹಸಿರಿದ್ದರೆ ಸಾಕು, ಆಗ ಹಣವಂತರ ಕಣ್ಣು ಬೀಳುವುದಿಲ್ಲ. ಇದನ್ನು ಓದಿ ನನಗೆ ಮೊದಲು ಸಿಟ್ಟೇ ಬಂತು. ಕೂಸಿಗೆ ದೃಷ್ಟಿಯಾಗದಿರಲೆಂದು ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತೇವೆ ನಿಜ. ಆದರೆ ಮುಖಕ್ಕೆಲ್ಲ ಮಸಿ ಬಳಿಯುವುದಿಲ್ಲ. ಬಡವರ ಮಕ್ಕಳಿಗೆ ಚೆಲುವಾದದ್ದು ಏನೂ ದಕ್ಕಬಾರದೆಂದು ನಾವೇ ವಿಧಿಸಿದಂತಾಗುವುದಿಲ್ಲವೇ? ಆ ವಿದ್ವಾಂಸರ ಉದ್ದೇಶ ಒಳ್ಳೆಯದು, ಆದರೆ ಅವರು ತಪ್ಪು ಕಡೆ ಕೈ ಇಟ್ಟಿದ್ದಾರೆಂದು ನನ್ನ ಅಭಿಪ್ರಾಯ. ಕಡಿಮೆ ಮಾಡಬೇಕಾದದ್ದು ಚೆಲುವನ್ನಲ್ಲ. ಬದಲಿಸಬೇಕಾದದ್ದು ಕೆಲಸದ ಕ್ರಮ. ಮೊದಲು ಹಕ್ಕುಪತ್ರ, ಆಮೇಲೆ ಕೊಳ. ಮೊದಲು ಮನೆಗಳ ನೆಲ ಎತ್ತರಿಸುವುದು, ಆಮೇಲೆ ನಡಿಗೆಯ ದಾರಿ. ಯಾರಾದರೂ ಕದಲಲೇಬೇಕಾದರೆ ಅದೇ ಕೆರೆಯ ಇನ್ನೊಂದು ದಡಕ್ಕೆ, ಕೂಗಳತೆಯೊಳಗೆ. ಹಾಗೆ ಜಾಗ ಕೊಡಲು ದಿಣ್ಣೆಯವರ ಕ್ಲಬ್ಬಿನ ಪಾರ್ಕಿಂಗ್ ಸ್ವಲ್ಪ ಕುಗ್ಗಬೇಕಾಗುತ್ತದೆ. ಸಭೆಯಲ್ಲಿ ನಾನು ಇಷ್ಟು ಹೇಳಿದಾಗ ಕೆಲವರು ಮೊಬೈಲು ನೋಡಿಕೊಂಡರು.

ಬೇಲಿ ಬೇಕೆನ್ನುವವರಲ್ಲಿ ಹೆಂಗಸರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕುಡುಕರು ಬರುತ್ತಾರೆ, ಗಾಂಜಾದವರು ಬರುತ್ತಾರೆ. ಕತ್ತಲಾದ ಮೇಲೆ ಬಯಲಿನಲ್ಲಿ ನಡೆಯುವ ಭಯ ನನಗೂ ಗೊತ್ತು. ಸೋಜಿಗವೆಂದರೆ ಕೇರಿಯ ಹೆಂಗಸರಿಗೂ ಅದೇ ಭಯ. ಅವರು ಕೇಳಿದ್ದು ಮಾತ್ರ ಬೇಲಿಯನ್ನಲ್ಲ. ದೀಪ, ನೀರಿನ ನಲ್ಲಿ, ಬಾಗಿಲು ಭದ್ರವಾಗಿರುವ ಒಂದು ಕಕ್ಕಸು, ಕಾವಲಿಗೆ ಒಬ್ಬ ಹೆಂಗಸು. ಎಂಜಿನಿಯರರ ನಕ್ಷೆಯಲ್ಲಿ ಕಾರಂಜಿ ಇತ್ತು, ಕಕ್ಕಸು ಇರಲಿಲ್ಲ. ಅವರು ತಕರಾರು ಮಾಡದೆ ಪೆನ್ಸಿಲಿನಲ್ಲಿ ಕಾರಂಜಿ ಹೊಡೆದುಹಾಕಿ, ಪಕ್ಕದಲ್ಲಿ ಒಂದು ಚೌಕ ಬರೆದರು. ಆಮೇಲೆ ಕೊಳದ ಗೆರೆಯ ಮೇಲೆ ಪೆನ್ಸಿಲಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಅದನ್ನು ಪೂರ್ವಕ್ಕೆ ಸರಿಸಿದರೆ ಎಷ್ಟು ಆಳ ತೋಡಬೇಕಾಗುತ್ತದೆಂದು ಲೆಕ್ಕ ಹಾಕಿಕೊಂಡು ಬರುತ್ತೇನೆಂದರು. ಖರ್ಚು ಹೆಚ್ಚುತ್ತದೆ, ಅದನ್ನು ಯಾರು ಕೊಡುತ್ತಾರೋ ತಿಳಿಯದು. ನಲವತ್ತು ಮನೆಗಳಲ್ಲಿ ಎಷ್ಟು ಉಳಿಯುತ್ತವೆಂಬುದೂ ಇನ್ನೂ ಗೊತ್ತಾಗಿಲ್ಲ.

ಮುಂದಿನ ಸಭೆ ಬುಧವಾರ ಹನ್ನೊಂದು ಗಂಟೆಗೆ ಎಂದು ಗೊತ್ತುಮಾಡಿದ್ದರು. ಆ ಹೊತ್ತಿಗೆ ತಾನು ಮೂರನೆಯ ಮನೆಯ ಪಾತ್ರೆಯ ಮುಂದೆ ಇರುತ್ತೇನೆಂದು ಆಕೆ ಹೇಳಿದರು. ಭಾನುವಾರ ಸಂಜೆ ಐದಕ್ಕೆ ಬದಲಾಯಿಸಿದ್ದಾರೆ. ಬೆಂಚುಗಳನ್ನು ನಮ್ಮ ಶಾಲೆಯಿಂದ ಕೊಡುವುದೆಂದು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದ್ದೇನೆ.